ಅಡುಗೆ ಕಟ್ಟೆಯ ಕಲ್ಲು: ತೊಳೆಯುವುದು, ಕಲೆ ತೆಗೆಯುವುದು, ಸೀಲರ್ ಹಚ್ಚುವುದು – ಈ ಕ್ರಮದಲ್ಲಿಯೇ

"ಸೀಲರ್ ಹಚ್ಚಿದ ಮೇಲೂ ಕಲೆ ಹೋಗಲಿಲ್ಲ, ಈಗೇನು ಮಾಡುವುದು?" ಮೂಡಿಗೆರೆಯವರು ಕೇಳುವುದೂ ಇದನ್ನೇ, ಅರಸೀಕೆರೆಯವರು ಕೇಳುವುದೂ ಇದನ್ನೇ. ಸೀಲರ್ ಎಂದರೆ ಕಲ್ಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಲು ಹಚ್ಚುವ ದ್ರವ, ಕಲೆ ತೆಗೆಯುವ ವಸ್ತುವಲ್ಲ. ಕಲ್ಲಿನ ಒಳಗೆ ಈಗಾಗಲೇ ಸೇರಿಕೊಂಡಿರುವ ಎಣ್ಣೆಯನ್ನೋ ಅರಿಸಿನವನ್ನೋ ಒಳಗೇ ಬಿಟ್ಟು ಬಾಗಿಲು ಹಾಕಿಬಿಡುತ್ತದೆ, ಅಷ್ಟೆ. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿದ್ದರ ಫಲ ಅದು.

ಎರಡನೆಯ ದೂರು ಇದಕ್ಕಿಂತ ಕೆಟ್ಟದ್ದು. ಬಿಳಿಚಿಕೊಂಡ ಕಟ್ಟೆಯನ್ನು ಹೊಳೆಯಿಸಲು ನಿಂಬೆಹಣ್ಣು, ವಿನೆಗರ್, ಕೆಲವರ ಮನೆಯಲ್ಲಿ ಬಚ್ಚಲಿನ ಆ್ಯಸಿಡ್ ಕೂಡ ಬಳಕೆಯಾಗಿದೆ. ಮರುದಿನ ಕಟ್ಟೆ ಇನ್ನಷ್ಟು ಬಿಳಿಚಿಕೊಂಡಿದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಿ. ನಿಮ್ಮ ಮನೆಗೆ ಬೇಡದ ಹಂತವನ್ನು ಬಿಡಬಹುದು, ಹಿಂದುಮುಂದು ಮಾತ್ರ ಮಾಡಬೇಡಿ.

ಹಂತ 1: ಕಲ್ಲು ಯಾವುದೆಂದು ಗುರುತಿಸಿ

ಹಾಸನ, ಚಿಕ್ಕಮಗಳೂರು ಕಡೆಯ ಅಡುಗೆ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ: ಹಳೆಯ ಮನೆಗಳಲ್ಲಿ ಕಡಪ ಕಲ್ಲು, ಈಚಿನ ಮನೆಗಳಲ್ಲಿ ಗ್ರಾನೈಟ್, ಆಸೆಪಟ್ಟು ಹಾಕಿಸಿಕೊಂಡವರಲ್ಲಿ ಮಾರ್ಬಲ್. "ಕಪ್ಪಗಿದೆ, ಹಾಗಾದರೆ ಗ್ರಾನೈಟ್" ಎಂದು ತೀರ್ಮಾನಿಸಬೇಡಿ. ಕಡಪ ಕಲ್ಲೂ ಕಪ್ಪೇ. ಆದರೆ ಅದು ಸುಣ್ಣದ ಕಲ್ಲಿನ ಜಾತಿ. ಕಡಪದಲ್ಲಿಯೂ ಮಾರ್ಬಲ್‌ನಲ್ಲಿಯೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಹುಳಿಗೆ ಕರಗುತ್ತದೆ. ಗ್ರಾನೈಟ್ ಎಂದರೆ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಗಟ್ಟಿ ಕೂಟ. ಅಡುಗೆಮನೆಯ ಹುಳಿ ಅದನ್ನು ಕರಗಿಸುವುದಿಲ್ಲ, ಆದರೆ ಬಣ್ಣ ತಿಳಿಯಾದ ಗ್ರಾನೈಟ್ ಎಣ್ಣೆಯನ್ನು ಹೀರಿಕೊಳ್ಳಬಹುದು. ಹೀಗೆ ಒಂದಕ್ಕೆ ಹುಳಿಯ ಭಯ, ಇನ್ನೊಂದಕ್ಕೆ ಎಣ್ಣೆಯ ಭಯ. ಆರೈಕೆ ಬೇರೆಯಾಗುವುದು ಇದೇ ಕಾರಣಕ್ಕೆ.

ಪರೀಕ್ಷೆ ಸುಲಭ. ಗ್ಯಾಸ್ ಒಲೆಯ ಹಿಂದೆ, ಗೋಡೆಯ ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗ ಆರಿಸಿ. ಅಲ್ಲಿ ಸೋಪುನೀರಿನಿಂದ ತೊಳೆದು ಒರೆಸಿ, ಎರಡು ಹನಿ ನಿಂಬೆರಸ ಬಿಡಿ. 5 ನಿಮಿಷ ಕಾದು ಒರೆಸಿ, ಕಟ್ಟೆಯ ಮಟ್ಟಕ್ಕೆ ಕಣ್ಣು ತಂದು ಬೆಳಕಿಗೆ ಎದುರಾಗಿ ನೋಡಿ. ಹನಿ ಕುಳಿತಿದ್ದ ಜಾಗ ಮಂಕಾಗಿದ್ದರೆ ಅದು ಕಡಪ ಅಥವಾ ಮಾರ್ಬಲ್. ಏನೂ ಆಗದಿದ್ದರೆ ಗ್ರಾನೈಟ್ ಇರಬೇಕು. ಅನುಮಾನ ಉಳಿದರೆ ಅದೇ ಮೂಲೆಯಲ್ಲಿ ಚಾಕುವಿನ ತುದಿಯಿಂದ ಗೀರಿ. ಕಡಪ ಮತ್ತು ಮಾರ್ಬಲ್ ಮೇಲೆ ಗೆರೆ ಬೀಳುತ್ತದೆ, ಗ್ರಾನೈಟ್ ಮೇಲೆ ಚಾಕುವಿನ ಲೋಹವೇ ಸವೆದು ಬೂದು ಗೆರೆಯಾಗಿ ಕೂರುತ್ತದೆ, ಒರೆಸಿದರೆ ಹೋಗುತ್ತದೆ.

ಬೇಲೂರು, ಹಳೇಬೀಡಿನ ದೇವಾಲಯಗಳಿಗೆ ಬಳಸಿದ ಬಳಪದ ಕಲ್ಲಿನ ಅಡುಗೆ ಕಟ್ಟೆ ಅಪರೂಪ. ಇದ್ದರೆ ಅದರ ಸ್ವಭಾವ ತಲೆಕೆಳಗು: ಉಗುರಿಗೂ ಗೀರು ಬೀಳುವಷ್ಟು ಮೃದು, ಆದರೆ ಹುಳಿಗೆ ಜಗ್ಗುವುದಿಲ್ಲ. ಬಳಪದ ಕಲ್ಲಿನ ಪಾತ್ರೆಯಲ್ಲಿ ಹುಳಿ ಕುದಿಸುತ್ತಿದ್ದವರಿಗೆ ಇದು ಗೊತ್ತಿದ್ದ ವಿಷಯವೇ. ಇನ್ನು ಕಾರ್ಖಾನೆಯಲ್ಲಿ ರಾಳ ಬೆರೆಸಿ ಒತ್ತಿದ ಕ್ವಾರ್ಟ್ಸ್ ಹಲಗೆಗಳು ನಿಸರ್ಗದ ಕಲ್ಲಲ್ಲ, ಈ ಬರಹ ಅವಕ್ಕೆ ಅನ್ವಯಿಸುವುದಿಲ್ಲ.

ಹಂತ 2: ಸಾಮಾನು ಜೋಡಿಸಿಕೊಳ್ಳಿ, ಬೇಡದ್ದನ್ನು ಹೊರಗಿಡಿ

ಬೇಕಾದದ್ದು ಹೆಚ್ಚೇನಿಲ್ಲ. ಪಾತ್ರೆ ತೊಳೆಯುವ ದ್ರವ (ನಿಂಬೆಯ ಚಿತ್ರವಿದ್ದರೆ ಪರವಾಗಿಲ್ಲ, ಬಹುತೇಕ ಅದು ವಾಸನೆಗಷ್ಟೇ), ಮೆತ್ತನೆಯ ಸ್ಪಂಜು, ಹಳೆಯ ಪಂಚೆಯನ್ನೋ ಬನಿಯನ್ನನ್ನೋ ಹರಿದ ಹತ್ತಿ ಬಟ್ಟೆ ಎರಡು, ಕೆಲಸಕ್ಕೆ ಬಾರದ ಒಂದು ಎಟಿಎಂ ಕಾರ್ಡ್, ಹಳೆಯ ಹಲ್ಲುಜ್ಜುವ ಬ್ರಷ್. ಕಲೆ ತೆಗೆಯಲು ಅಡುಗೆ ಸೋಡಾ, ಬಿಳಿ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್, ಔಷಧಿ ಅಂಗಡಿಯಲ್ಲಿ ಸಿಗುವ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಕೈಗವಸು.

ಎರಡು ಬಟ್ಟೆ ಎಂದದ್ದಕ್ಕೆ ಕಾರಣವಿದೆ. ಒಂದು ಒದ್ದೆ ಮಾಡಿ ಒರೆಸಲು, ಇನ್ನೊಂದು ಒಣಗಿಸಲು. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಿಂದಲೇ ಕಟ್ಟೆಯನ್ನೂ ಒರೆಸುವುದು ಎಲ್ಲ ಮನೆಗಳ ರೂಢಿ. ಆ ಬಟ್ಟೆಯಲ್ಲಿರುವ ಜಿಡ್ಡು ಕಟ್ಟೆಯ ತುಂಬ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಹೊರಗಿಡಬೇಕಾದವು: ಸ್ಟೀಲ್ ನಾರು, ಮರಳಿನಂತೆ ಕೈಗೆ ಹತ್ತುವ ತೊಳೆಯುವ ಪುಡಿ, ಬಚ್ಚಲಿನ ಆ್ಯಸಿಡ್, ವಿನೆಗರ್, ಹುಣಸೆ. ತುಕ್ಕು ತೆಗೆಯುವ ಬಾಟಲಿಯ ಮೇಲೆ ಹೈಡ್ರೋಫ್ಲೋರಿಕ್ ಆ್ಯಸಿಡ್ ಎಂದಿದ್ದರೆ ಅದನ್ನು ಮನೆಗೇ ತರಬೇಡಿ. ಗ್ರಾನೈಟನ್ನೂ ತಿನ್ನುವ ಆ್ಯಸಿಡ್ ಅದು, ಮೈಗೆ ತಾಗಿದರೆ ಅಪಾಯವೂ ದೊಡ್ಡದು. ಬ್ಲೀಚಿಂಗ್ ದ್ರವಕ್ಕೆ ಆ್ಯಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ. "ಎರಡನ್ನೂ ಬೆರೆಸಿದರೆ ಚೆನ್ನಾಗಿ ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಹಂತ 3: ದಿನದ ಕೆಲಸ

ರಾತ್ರಿ ಅಡುಗೆ ಮುಗಿದ ಮೇಲೆ ಕಟ್ಟೆಯ ಮೇಲಿನ ಅನ್ನದ ಅಗುಳು, ರವೆ, ಸಕ್ಕರೆಯನ್ನು ಮೊದಲು ಒಣಗಿರುವಾಗಲೇ ಗುಡಿಸಿ. ಒದ್ದೆ ಬಟ್ಟೆಯಿಂದ ನೇರವಾಗಿ ಉಜ್ಜಿದರೆ ಮಣ್ಣಿನ ಕಣ, ಉಪ್ಪಿನ ಹರಳು ಕಲ್ಲಿನ ಹೊಳಪನ್ನು ತಿಕ್ಕುತ್ತವೆ. ಆಮೇಲೆ ಅರ್ಧ ಬಕೆಟ್ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ದ್ರವ ಹಾಕಿ ಒರೆಸಿ, ಬರಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಒಣ ಬಟ್ಟೆಯಿಂದ ಮುಗಿಸಿ.

ಹೆಚ್ಚಿನವರು ಸೋಲುವುದು ದ್ರವದ ಅಳತೆಯಲ್ಲಿ. ಸ್ಪಂಜಿಗೆ ನೇರವಾಗಿ ಸುರಿದು ಉಜ್ಜಿದರೆ ಸೋಪಿನ ಅಂಶ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಆರು ತಿಂಗಳಲ್ಲಿ ಅದೇ ಮಂಕು ಪದರವಾಗಿ ಕೂತು, "ಗ್ರಾನೈಟಿನ ಪಾಲಿಶ್ ಹೋಯಿತು" ಎನ್ನಿಸುತ್ತದೆ. ಪಾಲಿಶ್ ಹೋಗಿರುವುದಿಲ್ಲ. ಬಿಸಿನೀರಿನ ಬಟ್ಟೆಯಿಂದ ನಾಲ್ಕೈದು ಸಲ ಒರೆಸಿದರೆ ಅರ್ಧ ಹೊಳಪು ಅಲ್ಲಿಯೇ ಮರಳುತ್ತದೆ. ಹೊಳಪಿಗಾಗಿ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಒರೆಸುವುದಂತೂ ಬೇಡವೇ ಬೇಡ. ಎರಡು ದಿನ ಮಿಂಚಿ ಮೂರನೆಯ ದಿನದಿಂದ ಧೂಳು ಹಿಡಿಯುತ್ತದೆ.

ಬಿಸಿ ಕುಕ್ಕರನ್ನು ಸಿಂಬಿಯ ಮೇಲೆಯೋ ಮಣೆಯ ಮೇಲೆಯೋ ಇಳಿಸಿ. ಗ್ರಾನೈಟ್ ಬಿಸಿ ತಡೆಯುತ್ತದೆ ಎಂಬುದು ನಿಜ. ಆದರೆ ಆಷಾಢದ ಚಳಿಯಲ್ಲಿ ತಣ್ಣಗಿರುವ ಕಲ್ಲಿನ ಒಂದೇ ಜಾಗಕ್ಕೆ ದಿನವೂ ಸುಡುವ ತಳ ತಾಗಿದರೆ, ಮೊದಲೇ ಸಣ್ಣ ಬಿರುಕಿರುವ ಕಡೆ, ಅದರಲ್ಲೂ ಸಿಂಕಿಗಾಗಿ ಕೊರೆದ ಮೂಲೆಗಳಲ್ಲಿ, ಕಲ್ಲು ಸೀಳಬಹುದು. ಕಟ್ಟೆಯ ಅಂಚಿಗೆ ತೆಂಗಿನಕಾಯಿ ಒಡೆಯುವವರಿಗೆ ನಾನು ಹೇಳುವುದು ಏನೂ ಇಲ್ಲ, ಅಂಚೇ ಹೇಳುತ್ತದೆ.

ಹಂತ 4: ಜಿಡ್ಡು, ಮೇಣ, ನೀರಿನ ಬಿಳಿ ಪೊರೆ

ಇವು ಕಲ್ಲಿನ ಮೇಲೆ ಕುಳಿತಿರುವವು, ಒಳಗೆ ಇಳಿದಿರುವುದಿಲ್ಲ. ಕಲೆಯ ಹಂತಕ್ಕೆ ಹೋಗುವ ಮೊದಲು ಇವನ್ನು ತೆಗೆಯಿರಿ. ಇಲ್ಲದಿದ್ದರೆ ಯಾವುದು ಕಲೆ, ಯಾವುದು ಕೊಳೆ ಎಂದೇ ತಿಳಿಯುವುದಿಲ್ಲ.

ಒಲೆಯ ಸುತ್ತಲಿನ ಒಗ್ಗರಣೆ ಜಿಡ್ಡಿಗೆ ಬಿಸಿ ಸೋಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು 10 ನಿಮಿಷ ಹಾಸಿ ಬಿಡಿ. ನೆನೆದ ಜಿಡ್ಡನ್ನು ಕಾರ್ಡಿನ ಅಂಚಿನಿಂದ ಕೆರೆದರೆ ಸುರುಳಿಯಾಗಿ ಬರುತ್ತದೆ. ಉಜ್ಜುವ ಬಲಕ್ಕಿಂತ ನೆನೆಯುವ ಹೊತ್ತು ಮುಖ್ಯ.

ಹಲಸಿನ ಮೇಣ ಮೆತ್ತಿದರೆ ನೀರು ಮುಟ್ಟಿಸಬೇಡಿ. ಕೈಗೆ ಹಚ್ಚಿಕೊಳ್ಳುವಂತೆಯೇ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಸಡಿಲವಾದ ಕೂಡಲೇ ಕಾಗದದಿಂದ ಎತ್ತಿ, ತಡಮಾಡದೆ ಸೋಪುನೀರಿನಿಂದ ತೊಳೆಯಿರಿ. ಎಣ್ಣೆ ಅಲ್ಲಿಯೇ ಉಳಿದರೆ ಒಂದು ತೊಂದರೆ ಹೋಗಿ ಇನ್ನೊಂದು ಬರುತ್ತದೆ.

ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಯ ಬುಡದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮನೆಯವರ ಕೈ ತಕ್ಷಣ ವಿನೆಗರ್ ಕಡೆಗೆ ಹೋಗುವುದು ಇಲ್ಲಿಯೇ. ಸ್ವಲ್ಪ ಯೋಚಿಸಿ: ಗಡಸು ನೀರು ಬಿಟ್ಟುಹೋಗುವ ಆ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಕಡಪ ಕಲ್ಲೂ ಅದೇ. ಪೊರೆಯನ್ನು ಕರಗಿಸುವ ಹುಳಿ ಕಲ್ಲನ್ನೂ ಕರಗಿಸಿಯೇ ನಿಲ್ಲುತ್ತದೆ. ಕಡಪ, ಮಾರ್ಬಲ್ ಮೇಲೆ ಒದ್ದೆ ಬಟ್ಟೆ ಹಾಸಿ ಅರ್ಧ ಗಂಟೆ ನೆನೆಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಮಾತ್ರ ಕೆರೆಯಿರಿ. ಒಂದೇ ದಿನದಲ್ಲಿ ಪೂರ್ತಿ ಹೋಗದು, ವಾರಕ್ಕೆರಡು ಸಲ ಮಾಡಿ. ಪಾಲಿಶ್ ಮಾಡಿದ ಗ್ರಾನೈಟ್ ಮೇಲಾದರೆ ನೆನೆಸಿದ ನಂತರ ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ, ಕಲ್ಲಿಗೆ ಬಹುತೇಕ ಮಲಗಿಸಿದಂತೆ ಹಿಡಿದು ಕೆರೆಯಬಹುದು. ಪೊರೆ ಮತ್ತೆ ಕಟ್ಟದಿರಲು ಇರುವ ದಾರಿ ಒಂದೇ, ರಾತ್ರಿ ನಲ್ಲಿಯ ಬುಡವನ್ನು ಒಣಗಿಸಿ ಮಲಗುವುದು.

ಹಂತ 5: ಕಲೆ ತೆಗೆಯುವುದು

ಎಷ್ಟು ಒರೆಸಿದರೂ ಹೋಗದ, ಕೈಯಾಡಿಸಿದರೆ ಸುತ್ತಲಿನಷ್ಟೇ ನುಣುಪಾಗಿರುವ, ಬಣ್ಣದಲ್ಲಿ ಮಾತ್ರ ಬೇರೆಯಾಗಿರುವ ಗುರುತು ಕಲೆ. ಅದು ಕಲ್ಲಿನ ಸೂಕ್ಷ್ಮ ರಂಧ್ರಗಳ ಒಳಗಿದೆ. ಮೇಲಿಂದ ಉಜ್ಜಿದರೆ ಹೊಳಪು ಹೋದೀತೇ ಹೊರತು ಕಲೆ ಹೋಗದು. ಒಳಗಿನಿಂದ ಹೊರಕ್ಕೆ ಎಳೆಯಬೇಕು. ಅದಕ್ಕೆ ಲೇಪ ಹಾಕುವುದು.

ಲೇಪದ ಗುಟ್ಟು ಇಷ್ಟು: ದ್ರವ ಕಲ್ಲಿನೊಳಗೆ ಇಳಿದು ಕಲೆಯನ್ನು ಕರಗಿಸುತ್ತದೆ, ಒಣಗುತ್ತ ಮೇಲಿನ ಪುಡಿಗೆ ಮರಳಿ ಬರುವಾಗ ಕಲೆಯನ್ನೂ ಜೊತೆಗೆ ತರುತ್ತದೆ. ಅಂದರೆ ಕೆಲಸ ನಡೆಯುವುದು ಒಣಗುವಾಗ. "ಲೇಪ ಹಾಕಿದೆ, ಏನೂ ಆಗಲಿಲ್ಲ" ಎನ್ನುವವರನ್ನು ವಿಚಾರಿಸಿದರೆ ಹತ್ತರಲ್ಲಿ ಎಂಟು ಮಂದಿ ಅದು ಹಸಿಯಾಗಿರುವಾಗಲೇ ತೊಳೆದಿರುತ್ತಾರೆ.

1. ಕಲೆ ಯಾವುದರದ್ದೆಂದು ಊಹಿಸಿ. ಒಲೆಯ ಮುಂದೆ, ಎಣ್ಣೆ ಡಬ್ಬಿಯ ಕೆಳಗೆ ಗಾಢವಾಗಿ ಕಂಡರೆ ಎಣ್ಣೆ. ಫಿಲ್ಟರ್ ಇಡುವ ಜಾಗದಲ್ಲಿ ಕಂದು ಉಂಗುರವಿದ್ದರೆ ಡಿಕಾಕ್ಷನ್. ಹಳದಿಯಾದರೆ ಹೇಳಬೇಕಿಲ್ಲ. ಕಿತ್ತಳೆ ಮಿಶ್ರಿತ ಕಂದು, ಕಾವಲಿಯ ಆಕಾರ: ತುಕ್ಕು.

2. ಎಣ್ಣೆಗೆ ಅಡುಗೆ ಸೋಡಾ, ನೀರು, ಎರಡು ಹನಿ ಪಾತ್ರೆ ದ್ರವ ಕಲಸಿ. ಕಾಫಿ, ಚಹಾ, ಅರಿಸಿನ, ಬಾಳೆಕಾಯಿ ಸೊನೆಗೆ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರಿಗೆ ಪೆರಾಕ್ಸೈಡ್ ಕಲಸಿ. ಹದ ಗಟ್ಟಿ ಚಟ್ನಿಯಂತಿರಲಿ, ಹರಿಯಬಾರದು. ಮುಲ್ತಾನಿ ಮಿಟ್ಟಿ ಬೇಡ. ಅದರಲ್ಲಿ ಕಬ್ಬಿಣದ ಅಂಶ ಇರುವುದರಿಂದ ತಿಳಿ ಬಣ್ಣದ ಕಲ್ಲಿಗೆ ಹೊಸ ಕಲೆ ಕೊಡಬಹುದು.

3. ಮೂಲೆಯಲ್ಲಿ ಒಂದು ಚಿಟಿಕೆ ಹಚ್ಚಿ ನೋಡಿ. ಪೆರಾಕ್ಸೈಡ್ ಕಪ್ಪು ಕಲ್ಲನ್ನು ತುಸು ಬಿಳಿಚಿಸಬಹುದು, ಮಾರ್ಬಲ್‌ನ ಹೊಳಪನ್ನು ತಗ್ಗಿಸಲೂಬಹುದು.

4. ಕಲೆಯ ಜಾಗವನ್ನು ಶುದ್ಧ ನೀರಿನಿಂದ ಸ್ವಲ್ಪ ತೇವ ಮಾಡಿ, ಲೇಪವನ್ನು ಅರ್ಧ ಸೆಂಟಿಮೀಟರ್‌ಗಿಂತ ತುಸು ದಪ್ಪಗೆ, ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಹರಡಿ.

5. ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ.

6. ಪ್ಲಾಸ್ಟಿಕ್ ತೆಗೆದು ಲೇಪ ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಬಿಡಿ. ಬೇಸಿಗೆಯಲ್ಲಿ ಒಂದು ದಿನ ಸಾಕು. ಮಳೆಗಾಲದಲ್ಲಿ ಸಕಲೇಶಪುರ, ಕೊಪ್ಪದ ಕಡೆ ಬಟ್ಟೆಯೇ ಒಣಗುವುದಿಲ್ಲ, ಲೇಪ ಹೇಗೆ ಒಣಗೀತು? ಟೇಬಲ್ ಫ್ಯಾನ್ ಹಚ್ಚಿಡಿ, ಇಲ್ಲವೇ ಕೆಲಸವನ್ನೇ ಮಳೆ ಮುಗಿದ ಮೇಲೆ ಇಟ್ಟುಕೊಳ್ಳಿ.

7. ಮರದ ಸಟ್ಟುಗದಿಂದ ಎತ್ತಿ, ತೊಳೆದು, ಒಣಗಿಸಿ, ಮರುದಿನ ನೋಡಿ. ಒದ್ದೆ ಕಲ್ಲು ಯಾವಾಗಲೂ ಗಾಢವಾಗಿ ಕಾಣುವುದರಿಂದ ಅಂದೇ ತೀರ್ಮಾನಿಸಬೇಡಿ. ಕಲೆ ಅರ್ಧಕ್ಕೆ ಇಳಿದಿದ್ದರೆ ದಾರಿ ಸರಿಯಿದೆ ಎಂದರ್ಥ, ಮತ್ತೆ ಹಾಕಿ. ಹಳೆಯ ಎಣ್ಣೆಗೆ ಮೂರು ನಾಲ್ಕು ಸುತ್ತು ಬೇಕಾಗಬಹುದು.

ಅರಿಸಿನದ ಬಗ್ಗೆ ಒಂದು ಮಾತು. ಅದರ ಮೇಲೆ ಸೋಪು ಅಥವಾ ಸೋಡಾ ಬಿದ್ದ ಕೂಡಲೇ ಕೆಂಪಾಗುತ್ತದೆ. ಗಾಬರಿಯಾಗಬೇಡಿ, ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದೂ ಇದೇ ಗುಣದಿಂದ. ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಕಟ್ಟೆಯಾದರೆ ಲೇಪಕ್ಕಿಂತ ಮೊದಲು ನಾಲ್ಕು ದಿನ ಸುಮ್ಮನೆ ಕಾದು ನೋಡಿ. ನಮ್ಮ ಮನೆಯಲ್ಲಿ ಒಂದು ಕಲೆ ಹಾಗೆಯೇ ಮಾಯವಾಯಿತು, ನನ್ನ ಲೇಪದ ಸಾಮಾನು ಡಬ್ಬಿಯಲ್ಲೇ ಉಳಿಯಿತು.

ಸೋಡಾ ಲೇಪಕ್ಕೆ ಬಗ್ಗದ ಎಣ್ಣೆಗೆ ನೀರಿನ ಬದಲು ಅಸಿಟೋನ್ ಬಳಸುವುದುಂಟು. ಅದು ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರವ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ದೇವರ ದೀಪವನ್ನೂ ಆರಿಸಿ ಮಾಡುವುದಾದರೆ ಮಾತ್ರ ಮಾಡಿ. ಹಳೆಯ ತುಕ್ಕಿನ ಕಲೆಗೆ ಮನೆಮದ್ದು ಹುಡುಕಬೇಡಿ, ಪಾಲಿಶ್ ಕೆಲಸದವರಿಗೆ ಬಿಡಿ.

ಹಂತ 6: ಮಬ್ಬು ಕಲೆಯಲ್ಲ

ಗೌರಿ ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ, ಚೊಂಬುಗಳನ್ನು ಹುಣಸೆಯಲ್ಲಿ ತಿಕ್ಕಿ, ಕಡಪ ಕಟ್ಟೆಯ ಮೇಲೆ ಬೋರಲು ಹಾಕುತ್ತೇವೆ. ಮರುದಿನ ಸಾಲಾಗಿ ಬೂದು ಉಂಗುರಗಳು. ಇವಕ್ಕೆ ಎಷ್ಟು ಲೇಪ ಹಾಕಿದರೂ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಏನೂ ಸೇರಿಕೊಂಡಿಲ್ಲ. ಇದ್ದದ್ದೇ ಹೋಗಿದೆ: ಹುಳಿ ಕಲ್ಲಿನ ಮೇಲ್ಪದರವನ್ನು ತಿಂದಿದೆ. ಒದ್ದೆ ಮಾಡಿದಾಗ ಮಾಯವಾಗಿ ಒಣಗಿದಾಗ ಮತ್ತೆ ಕಾಣಿಸಿಕೊಂಡರೆ ಅದು ಮಬ್ಬು ಎಂದು ತಿಳಿಯಿರಿ. ಮೊಸರು, ಟೊಮೆಟೊ, ಪುನರ್ಪುಳಿ, ನಿಂಬೆ ಹೋಳು, ಎಲ್ಲವೂ ಇದನ್ನೇ ಮಾಡುತ್ತವೆ.

ಸಣ್ಣ ಉಂಗುರವಾದರೆ ಮಾರ್ಬಲ್ ಪಾಲಿಶ್ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಡಬ್ಬಿಯ ಮೇಲಿನ ಸೂಚನೆಯಂತೆ ಉಜ್ಜಿ ನೋಡಬಹುದು, ಆಮೇಲೆ ಚೆನ್ನಾಗಿ ತೊಳೆಯಬೇಕು. ಉಗುರಿಗೆ ತಗ್ಗು ಸಿಗುವಷ್ಟು ಆಳವಾಗಿದ್ದರೆ ವಜ್ರದ ಪ್ಯಾಡುಗಳಲ್ಲಿ ಒರಟಿನಿಂದ ನಯಕ್ಕೆ ಹಂತಹಂತವಾಗಿ ತಿಕ್ಕಬೇಕು. ಅದು ಯಂತ್ರ ಹಿಡಿದು ಪಳಗಿದವರ ಕೆಲಸ. ಕರೆಯುವ ಮೊದಲು ಒಲೆ, ಮಿಕ್ಸಿ, ಡಬ್ಬಿಗಳನ್ನೆಲ್ಲ ಸಾಗಿಸಿಡಿ, ಕೆಸರು ಗೋಡೆಗೆ ಹಾರುತ್ತದೆ.

ಹಂತ 7: ನೀರಿನ ಪರೀಕ್ಷೆ, ಬೇಕಿದ್ದರೆ ಸೀಲರ್

ಒಣಗಿದ ಕಟ್ಟೆಯ ಮೇಲೆ ಮೂರು ಕಡೆ, ಒಲೆಯ ಪಕ್ಕ, ಸಿಂಕಿನ ಪಕ್ಕ, ನಡುವೆ, ಒಂದೊಂದು ಚಮಚ ನೀರು ಹಾಕಿ 15 ನಿಮಿಷ ಬಿಡಿ. ಒರೆಸಿದಾಗ ಕಲ್ಲು ಗಾಢವಾಗಿದ್ದರೆ ಅದು ನೀರು ಕುಡಿಯುತ್ತಿದೆ, ಸೀಲರ್ ಬೇಕು. ಬಣ್ಣ ಬದಲಾಗದಿದ್ದರೆ ಬೇಡ. ಅಚ್ಚ ಕಪ್ಪು ಗ್ರಾನೈಟ್ ಎಂದು ಮಾರುವ ಕಲ್ಲುಗಳಲ್ಲಿ ಹಲವು ಭೂವಿಜ್ಞಾನದ ಲೆಕ್ಕಕ್ಕೆ ಗ್ರಾನೈಟೇ ಅಲ್ಲ, ಬಹಳ ಒತ್ತಾದ ಬೇರೆ ಜಾತಿಯ ಕಲ್ಲುಗಳು. ಅವು ಸೀಲರನ್ನೂ ಕುಡಿಯುವುದಿಲ್ಲ, ಹಚ್ಚಿದ್ದು ಮೇಲೆಯೇ ಕೂತು ಅಂಟಂಟಾಗುತ್ತದೆ. "ವರ್ಷಕ್ಕೊಮ್ಮೆ ಹಚ್ಚಲೇಬೇಕು" ಎನ್ನುವ ಅಂಗಡಿಯವರ ಮಾತಿಗಿಂತ ಒಂದು ಚಮಚ ನೀರನ್ನು ನಂಬಿ. ಮತ್ತೊಂದು ಎಚ್ಚರ: ಸೀಲರ್ ಹಚ್ಚಿದರೂ ಮಾರ್ಬಲ್ ಮತ್ತು ಕಡಪಕ್ಕೆ ಹುಳಿಯಿಂದ ರಕ್ಷಣೆ ಇಲ್ಲ. ಕಲೆ ಕಲ್ಲಿನೊಳಗೆ ಇಳಿಯುವುದನ್ನು ಅದು ನಿಧಾನ ಮಾಡುತ್ತದೆ, ಮಬ್ಬನ್ನು ತಡೆಯುವುದಿಲ್ಲ.

ಕಲ್ಲಿನೊಳಗೆ ಇಳಿಯುವ ಬಗೆಯ ಸೀಲರನ್ನೇ ಕೇಳಿ, ಮೇಲೆ ವಾರ್ನಿಷ್‌ನಂತೆ ಪದರ ಕಟ್ಟುವುದು ಅಡುಗೆಮನೆಗೆ ಬೇಡ. ಆಹಾರ ತಯಾರಿಸುವ ಕಟ್ಟೆಗೆ ಬಳಸಬಹುದೆಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ಮಲೆನಾಡಿನಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಈ ಕೆಲಸಕ್ಕೆ ತಕ್ಕವು. ನಾನು ಒಮ್ಮೆ ಜುಲೈನಲ್ಲಿ, ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲಿ, ಅವರು "ಮಳೆ ನಿಲ್ಲಲಿ" ಎಂದರೂ ಕೇಳದೆ ಹಚ್ಚಿದೆ. ಕಲ್ಲಿನೊಳಗೆ ತೇವ ತುಂಬಿದ್ದರಿಂದ ಸೀಲರ್ ಇಳಿಯಲು ಜಾಗವೇ ಇರಲಿಲ್ಲ. ಬೆಳಿಗ್ಗೆ ಕಟ್ಟೆಯ ತುಂಬ ಹಾಲಿನ ಕೆನೆಯಂಥ ಪೊರೆ.

1. ಕಟ್ಟೆಯನ್ನು ಎರಡು ಭಾಗ ಮಾಡಿಕೊಳ್ಳಿ. ಇಲ್ಲದಿದ್ದರೆ ಎರಡು ದಿನ ಮನೆಯಲ್ಲಿ ಕಾಫಿಯೂ ಇರುವುದಿಲ್ಲ, ಶಾಂತಿಯೂ ಇರುವುದಿಲ್ಲ. ಒಂದು ಭಾಗ ತೊಳೆದು 24 ಗಂಟೆ ನೀರು ಮುಟ್ಟಿಸದೆ ಒಣಗಿಸಿ.

2. ಕಿಟಕಿ ತೆರೆಯಿರಿ. ಸೀಲರ್ ನೀರಿನಲ್ಲಿ ಕಲಸಿದ್ದಲ್ಲದೆ ಹೊತ್ತಿಕೊಳ್ಳುವ ದ್ರಾವಕದಲ್ಲಿ (ಸಾಲ್ವೆಂಟ್) ಕಲಸಿದ್ದಾದರೆ ಅಂದು ಆ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ, ರೆಗ್ಯುಲೇಟರ್ ಬಂದ್ ಇರಲಿ.

3. ಬಟ್ಟೆಯಿಂದ ತೆಳುವಾಗಿ, ಎಲ್ಲಿಯೂ ಬಿಡದೆ ಹಚ್ಚಿ. ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಮಾತ್ರ ಬಿಡಿ, ಗಡಿಯಾರ ಎದುರಿಗಿರಲಿ.

4. ಕಲ್ಲು ಕುಡಿಯದೆ ಉಳಿದದ್ದನ್ನು ಒಣಗುವ ಮೊದಲೇ ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಎಲ್ಲರೂ ಎಡವುವ ಜಾಗ ಇದು. "ಇನ್ನಷ್ಟು ಹೊತ್ತು ಬಿಟ್ಟರೆ ಇನ್ನಷ್ಟು ಒಳ್ಳೆಯದು" ಎಂದು ಬಿಟ್ಟರೆ ಪೊರೆ ಕಟ್ಟುತ್ತದೆ.

5. ಮತ್ತೊಂದು ಸುತ್ತು ಬೇಕೆಂದು ಸೂಚನೆಯಿದ್ದರೆ ಅದೇ ರೀತಿ ಹಚ್ಚಿ. ನಂತರ 24 ಗಂಟೆ ನೀರು, ಎಣ್ಣೆ ಮುಟ್ಟಿಸಬೇಡಿ. ಬಳಸುವ ಮೊದಲು ಒಮ್ಮೆ ಸೋಪುನೀರಿನಿಂದ ಒರೆಸಿ, ಮತ್ತೆ ನೀರಿನ ಪರೀಕ್ಷೆ ಮಾಡಿ.

ಪೊರೆ ಕಟ್ಟಿಯೇಬಿಟ್ಟಿದ್ದರೆ ನಾರಿನಿಂದ ಉಜ್ಜಬೇಡಿ. ಅದೇ ಸೀಲರನ್ನು ಸ್ವಲ್ಪ ಮೇಲೆ ಹಚ್ಚಿದರೆ ಹಳೆಯದು ಸಡಿಲವಾಗುತ್ತದೆ, ತಕ್ಷಣ ಒಣ ಬಟ್ಟೆಯಿಂದ ತಿಕ್ಕಿ ತೆಗೆಯಬಹುದು. ಚಿಕ್ಕಮ್ಮನ ಕಟ್ಟೆಯನ್ನು ಹೀಗೆಯೇ ಸರಿಮಾಡಿದ್ದು, ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಹಂತ 8: ಸಂದುಗಳು

ಕಲ್ಲು ಗೋಡೆಗೆ ಸೇರುವ ಸಂದು, ಸಿಂಕಿನ ಸುತ್ತಲಿನ ಸಂದು, ಎರಡನ್ನೂ ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಹಳೆಯ ಬಿಳಿ ಸಿಮೆಂಟ್ ಉದುರಿದ್ದರೆ ನೀರು ಹಿಂದಕ್ಕೆ ಇಳಿಯುತ್ತದೆ, ಜಿರಳೆಗೂ ಅದೇ ದಾರಿ. ಬ್ರಷ್‌ನಿಂದ ಕೆರೆದು ತೆಗೆದು, ಪೂರ್ತಿ ಒಣಗಿದ ಮೇಲೆ ಬೂಷ್ಟು ತಡೆಯುವ ಸಿಲಿಕೋನ್ ತುಂಬಿ. ತಿಳಿ ಬಣ್ಣದ ಮಾರ್ಬಲ್‌ಗೆ ಅಗ್ಗದ ಸಿಲಿಕೋನ್ ಎಣ್ಣೆಯಂತೆ ಅಂಚಿಗೆ ಹರಡುತ್ತದೆ. ನಿಸರ್ಗದ ಕಲ್ಲಿಗೆಂದೇ ಇರುವುದನ್ನು ಕೇಳಿ ತನ್ನಿ.

ಕೈ ತೆಗೆದು ಕೆಲಸದವರನ್ನು ಕರೆಯಬೇಕಾದ ಲಕ್ಷಣಗಳು

ಸಿಂಕಿನ ಸುತ್ತ ಒಂದು ವಾರ ನೀರು ಬಳಸದಿದ್ದರೂ ಒಣಗದ ಕಪ್ಪು ಪಟ್ಟಿ: ಕೆಳಗಿನಿಂದ ನೀರು ಏರುತ್ತಿದೆ, ಮೇಲೆ ಏನು ಹಚ್ಚಿದರೂ ವ್ಯರ್ಥ. ಅಂಚಿನಲ್ಲಿ ಒರೆಸಿದಷ್ಟೂ ಮತ್ತೆ ಹುಟ್ಟುವ ಬಿಳಿ ಪುಡಿ: ತೇವದ ಜೊತೆ ಸಿಮೆಂಟಿನ ಉಪ್ಪು ಹೊರಬರುತ್ತಿದೆ. ಅಸಿಟೋನ್ ಅದ್ದಿದ ಬಿಳಿ ಬಟ್ಟೆಗೆ ಕಲ್ಲಿನಿಂದ ಕಪ್ಪು ಬಣ್ಣ ಹತ್ತಿದರೆ ನಿಮಗೆ ಬಣ್ಣ ಹಚ್ಚಿದ ಕಲ್ಲು ಮಾರಿದ್ದಾರೆ.

ಸಿಂಕಿನ ಮೂಲೆಯಿಂದ ಹೊರಟ ಗೆರೆಯ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಕಲ್ಲಿನ ಹುಟ್ಟುಗೆರೆ ಇರಬಹುದು. ಸಿಕ್ಕಿಕೊಂಡರೆ ಬಿರುಕು. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ, ಕೆಳಗೆ ಬಗ್ಗಿ ಕಟ್ಟೆಯ ಅಡಿಯಲ್ಲಿಯೂ ಗೆರೆ ಇದೆಯೇ ನೋಡಿ, ಎರಡರದ್ದೂ ಫೋಟೊ ತೆಗೆದು ಕಲ್ಲಿನ ಕೆಲಸದವರಿಗೆ ಕಳುಹಿಸಿ. ಅವರು ಬಂದು ನೋಡುವವರೆಗೆ ಗ್ರೈಂಡರನ್ನು ಆ ಕಡೆಯಿಂದ ಇಳಿಸಿ ನೆಲದ ಮೇಲಿಡಿ.